ತಾಗಬೇಕು, ಒತ್ತಬಾರದು

"ಇದನ್ನ ಹೊಲಿಗೆ ಅಂತಾರಾ? ಕೋತಿ ಕೈಗೆ ಸೂಜಿ ಕೊಟ್ರೂ ಇದಕ್ಕಿಂತ ಬಿಗಿಯಾಗಿ ಹೊಲಿಯುತ್ತೆ!"

"ಹಾಗಾದ್ರೆ ಕೋತೀನೇ ಕರ್ಕೊಂಡು ಬನ್ನಿ ಸಾಹುಕಾರ್ರೇ. ನಿಮಗೂ ಅದಕ್ಕೂ ಚೆನ್ನಾಗಿ ಹೊಂದ್ಕೊಳ್ಳುತ್ತೆ."

ಬೆಳಗಿನ ಆರು ಗಂಟೆ. ಚಾರಣದ ಸಾಮಾನು ಮಾರುವ ಅಂಗಡಿಯ ಹಿಂದಿನ ಕೋಣೆ. ಕಿಟಕಿಗೆ ಗಾಜಿಲ್ಲ, ರಟ್ಟು ಹೊಡೆದಿದ್ದಾರೆ. ಒಂದು ಟ್ಯೂಬ್‌ಲೈಟು, ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಕಡ್ಡಿ ಕಿತ್ತ ಹಳೆಯ ಕೊಡೆಗಳ ರಾಶಿ. ಸಾಹುಕಾರ ಒಂದು ರಜಾಯಿಯನ್ನು ಕಳ್ಳನ ಕೊರಳಪಟ್ಟಿ ಹಿಡಿದವನಂತೆ ಹಿಡಿದು ಅಲುಗಿಸುತ್ತಿದ್ದಾನೆ. ಎದುರಿಗೆ ಸ್ಟೂಲಿನ ಮೇಲೆ ಕುಳಿತ ಹೆಂಗಸು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ತಲೆ ಎತ್ತಿಯೂ ನೋಡುವುದಿಲ್ಲ. ಇವಳ ಕೆಲಸದ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಬಳಿ ನಿಂತಿದ್ದೇನೆ.

ಈ ಬೀದಿಯಲ್ಲಿ ಇವಳ ಹೆಸರು ಸಡಿಲಕ್ಕ. ಇವಳ ಹೊಲಿಗೆ ಸಡಿಲ ಎಂದು ಅಣಕಿಸಲು ಇಟ್ಟ ಹೆಸರು. "ಬಿಗಿಯಕ್ಕ ಅಂದಿದ್ರೆ ಜಗಳ ಆಡ್ತಿದ್ದೆ. ಸಡಿಲಕ್ಕ ಅಂದ್ರೆ ಬಿರುದು ಕಣ್ರೀ" ಎನ್ನುತ್ತಾಳೆ.

ಗುಡ್ಡದ ಮೇಲೆ ಮರಗಳ್ಳರಿಂದ ಕಾಡು ಕಾಯುವ ಕಾವಲುಗಾರರು ನೆಲದ ಮೇಲೆ ಮಲಗುವುದಿಲ್ಲ. ನೆಲವೆಲ್ಲ ಕಲ್ಲು, ಇಳಿಜಾರು, ತೇವ. ಎರಡು ಮರಗಳ ನಡುವೆ ಬಟ್ಟೆಯ ಜೋಲಿ ಕಟ್ಟಿ ಮಲಗುತ್ತಾರೆ. ಕೇಳಲು ಸುಖ. ಆದರೆ ಮೇಲೆ ನಾಲ್ಕು ಕಂಬಳಿ ಹೊದ್ದರೂ ಚಳಿ ಕೆಳಗಿನಿಂದ ಬೆನ್ನಿಗೆ ಬಂದು ಕಚ್ಚುತ್ತದೆ. ಜೋಲಿಯ ಒಳಗೆ ಹಾಸಿಕೊಂಡದ್ದು ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಅಪ್ಪಚ್ಚಿಯಾದದ್ದು ಬೆಚ್ಚಗಿಡುವುದಿಲ್ಲ. ಹಾಗಾಗಿ ರಜಾಯಿಯನ್ನು ಜೋಲಿಯ ಹೊರಗೆ, ಕೆಳಗಡೆ ತೂಗುಹಾಕಬೇಕು. ಪಕ್ಷಿಯ ಪುಕ್ಕ ತುಂಬಿದ ಅಂಥ ರಜಾಯಿ ಹೊರದೇಶದಿಂದ ಬರುತ್ತದೆ. ಅದನ್ನು ಕೊಳ್ಳುವಷ್ಟು ದುಡ್ಡಿದ್ದವನು ಗುಡ್ಡ ಯಾಕೆ ಕಾಯುತ್ತಾನೆ?

ಸಡಿಲಕ್ಕ ಅದನ್ನು ಹರಿದ ಕೊಡೆಗಳಿಂದ ಮಾಡುತ್ತಾಳೆ. ಒಂದಕ್ಕೆ ಆರು ಕೊಡೆಯ ಬಟ್ಟೆ. ಒಳಗೆ ತುಂಬಲು ಹಳೆಯ ಜಾಕೆಟ್ಟಿನ, ಬಿಸಾಡಿದ ದಿಂಬಿನ ಫೈಬರು. ಬಿಸಿನೀರಲ್ಲಿ ತೊಳೆದು, ಒಣಗಿಸಿ, ಕೈಯಲ್ಲೇ ಹಿಂಜಿದ್ದು. ಎರಡು ತುದಿಗೆ ಇಲಾಸ್ಟಿಕ್. ನಡುವೆ ಗೇಣಿಗೊಂದು ಗಂಟು, ಒಟ್ಟು ಮೂವತ್ತು, ಎಲ್ಲವೂ ಕೈಯಲ್ಲಿ ಹಾಕಿದ್ದು. ಒತ್ತಿದರೆ ಹೆಬ್ಬೆರಳು ಪೂರ್ತಿ ಮುಳುಗಬೇಕು. ದಿನಕ್ಕೆ ಎರಡು ಮುಗಿದರೆ ಹೆಚ್ಚು. ತೂಕ ಒಂದು ಕಿಲೋ ಒಳಗೆ.

ಈ ವಿದ್ಯೆ ಬಂದದ್ದು ಒಂದು ತಪ್ಪಿನಿಂದ. ಇವಳ ತಾಯಿ ಹಾಸಿಗೆ ಹೊಲಿಯುತ್ತಿದ್ದವಳು. "ಹೊಲಿಗೆ ಮಧ್ಯೆ ಬೆರಳು ತೂರಿದ್ರೆ ಬೆನ್ನಿಗೆ ಒಂದು ಬೀಳ್ತಿತ್ತು. ಒತ್ತಾಗಿ ಹೊಲಿದವಳೇ ಜಾಣೆ ಅಂತ ನಮ್ಮಮ್ಮ ಹೇಳ್ಕೊಟ್ಟಿದ್ಲು." ಗಂಡನಿಗೆ ಗುಡ್ಡದ ಕಾವಲು ಸಿಕ್ಕಿದ ವರ್ಷ ಇವಳು ಮೊದಲ ರಜಾಯಿ ಹೊಲಿದಳು. ಬೆರಳಗಲಕ್ಕೊಂದು ಹೊಲಿಗೆಯ ಗೆರೆ, ಮಂಚದ ಪಟ್ಟಿಯ ಹಾಗೆ ಬಿಗಿ. ನೋಡಿದವರೆಲ್ಲ ಹೊಗಳಿದರು. ಮೂರನೆಯ ದಿನ ಗಂಡ ಬೆನ್ನು ನೆಟ್ಟಗೆ ಮಾಡಲಾಗದೆ ಇಳಿದು ಬಂದ.

"ನಮ್ಮನೆಯೋರು ಬಂದು ಒಂದೇ ಮಾತು ಹೇಳಿದ್ರು. 'ಎಷ್ಟು ಚೆಂದ ದಾರಿ ಮಾಡಿಕೊಟ್ಟಿದ್ದೀಯೇ ಚಳಿಗೆ! ಒಂದು ರಾತ್ರಿಯೂ ದಾರಿ ತಪ್ಪಲಿಲ್ಲ ನೋಡು.' ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ."

ಅತ್ತಳು. ಆಮೇಲೆ ಕೂತು, ಒಳಗಿನ ಫೈಬರನ್ನು ಅಪ್ಪಚ್ಚಿ ಮಾಡಿದ್ದ ಗೆರೆಗಳನ್ನೆಲ್ಲ ಬಿಚ್ಚಿದಳು. ಆ ಚಳಿಗಾಲ ಪೂರ್ತಿ ಮನೆಯ ಜಗಲಿಯಲ್ಲಿ ಜೋಲಿ ಕಟ್ಟಿ ತಾನೇ ಮಲಗಿ ನೋಡಿದಳು. ರಜಾಯಿ ಜೋತುಬಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಎಳೆದು ಕಟ್ಟಿದರೆ ಚಪ್ಪಟೆಯಾಗುತ್ತದೆ. "ಬೆನ್ನಿಗೆ ತಾಗಬೇಕು, ಒತ್ತಬಾರದು. ಅಷ್ಟೇ ಕಣ್ರೀ. ಇದರಲ್ಲಿ ಗುಟ್ಟೇನಿದೆ? ಯಾರು ಬೇಕಾದ್ರೂ ಮನೇಲೇ ಮಾಡ್ಕೋಬಹುದು."

ಇವತ್ತಿನ ಜಗಳಕ್ಕೆ ಕಾರಣ ಅರಣ್ಯ ಆಫೀಸಿನವರು ಅಂಗಡಿಗೆ ಹೇಳಿದ ನಲವತ್ತು ರಜಾಯಿ. ಸೋಮವಾರ ಹೊಸ ಕಾವಲುಗಾರರ ತಂಡ ಗುಡ್ಡ ಹತ್ತುತ್ತದೆ. ಇವತ್ತು ಗುರುವಾರ. ಯಂತ್ರದಲ್ಲಿ ಒತ್ತೊತ್ತಾಗಿ ಗೆರೆ ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ, ಸುತ್ತಿಟ್ಟರೆ ಸಣ್ಣದಾಗುತ್ತದೆ, ನೋಡಲು ಅಚ್ಚುಕಟ್ಟು. ಸಾಹುಕಾರ ಮಾದರಿಗೆಂದು ಒಂದನ್ನು ತಾನೇ ಹೊಲಿಸಿ ತಂದಿದ್ದಾನೆ.

"ವಾದ ಯಾಕೆ? ಮಲಗಿ ನೋಡಿ" ಎಂದು ಸಡಿಲಕ್ಕ ಏಳುತ್ತಾಳೆ.

ಹಿತ್ತಲಿನ ಎರಡು ಕಬ್ಬಿಣದ ಕಂಬಗಳಿಗೆ ಜೋಲಿ ಕಟ್ಟುತ್ತಾಳೆ. ಕೆಳಗೆ ಗೆರೆ ಹೊಡೆದ ರಜಾಯಿ. ಕೊರೆಯುವ ಗಾಳಿ. ಸಾಹುಕಾರ ಮಲಗುತ್ತಾನೆ, ಹತ್ತು ನಿಮಿಷದಲ್ಲಿ ಅವನ ಕೈ ತಾನಾಗಿ ತಣ್ಣಗಾದ ಸೊಂಟದ ಅಡಿಗೆ ಹೋಗುತ್ತದೆ. ಸಡಿಲಕ್ಕ ಆ ರಜಾಯಿಯನ್ನು ಬಿಚ್ಚಿ ತನ್ನದನ್ನು ಕಟ್ಟುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಕಣ್ಣು ಮುಚ್ಚುತ್ತದೆ, ಬಾಯಿ ತೆರೆಯುತ್ತದೆ.

"ಲಾಲಿ ಹಾಡ್ಲಾ ಸಾಹುಕಾರ್ರೇ?"

ಅವನು ಗಡಬಡಿಸಿ ಇಳಿಯುತ್ತಾನೆ. "ಆಯ್ತು, ಬೆಚ್ಚಗಿದೆ. ಒಪ್ಕೊಂಡೆ. ಆದ್ರೆ ಗಿರಾಕಿ ಅಂಗಡೀಲಿ ಮಲಗಿ ನೋಡ್ತಾನಾ? ಕಣ್ಣಲ್ಲಿ ನೋಡ್ತಾನೆ, ತಗೊಳ್ತಾನೆ. ಗೆರೆ ಹೊಡಿ."

ಈ ಮಾತು ಕೇಳಿ ನನಗೇ ಮೈ ಉರಿಯುತ್ತದೆ. ಗೊತ್ತಿಲ್ಲದೆ ತಪ್ಪು ಮಾಡುವವನನ್ನು ಕ್ಷಮಿಸಬಹುದು. ಇವನು ಬೆಚ್ಚಗೆ ಮಲಗಿ ಎದ್ದು ಬಂದು ಹೇಳುತ್ತಿದ್ದಾನೆ.

ಸಡಿಲಕ್ಕ ಕೂಗಾಡುವುದಿಲ್ಲ. "ನೋಡಿ ತಗೊಳ್ಳೋರು ಆಫೀಸಿನೋರು. ಮಲಗೋರು ಆ ನಲವತ್ತು ಜನ. ಅವರ ಬೆನ್ನಿಗೆ ಕಣ್ಣಿಲ್ಲ."

"ಗೆರೆ ಹೊಡಿತೀಯೋ, ಎದ್ದು ಹೋಗ್ತೀಯೋ?"

ಹನ್ನೊಂದು ವರ್ಷ ಕೂತ ಕೋಣೆ. ಅವಳು ಒಳಗೆ ಹೋಗಿ ತನ್ನ ಸ್ವಂತದ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಸೂಜಿ ಅಂಗಡಿಯದು, ದಾರ ಕಿತ್ತು ಮೇಜಿನ ಮೇಲಿಡುತ್ತಾಳೆ.

"ಒಂದು ಸಲ ಒಬ್ಬರ ಬೆನ್ನು ಮುರಿದಿದ್ದೀನಿ ಸಾಹುಕಾರ್ರೇ, ಗೊತ್ತಿಲ್ಲದೆ. ಗೊತ್ತಿದ್ದೂ ನಲವತ್ತು ಜನರದ್ದು ಮುರಿಯೋಕೆ ನನ್ನ ಕೈ ಬರಲ್ಲ. ಅವರಿಗೆ ನಾನೇ ಹೇಳಿಕಳಿಸ್ತೀನಿ, ಹರಿದ ಕೊಡೆ ಹಿಡ್ಕೊಂಡು ನಮ್ಮ ಜಗಲಿಗೆ ಬನ್ನಿ ಅಂತ. ಗಂಟು ಹಾಕೋದು ಅವರೇ ಕಲೀಲಿ."

ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಸಾಹುಕಾರ ನನ್ನ ಕಡೆ ತಿರುಗಿ ನಗುತ್ತಾನೆ. "ಸಂಜೆ ಹೊತ್ತಿಗೆ ಬರ್ತಾಳೆ ನೋಡಿ. ಬೇರೆ ಎಲ್ಲಿಗೆ ಹೋಗ್ತಾಳೆ?"

ಸೋಮವಾರ ಗುಡ್ಡ ಹತ್ತಿದ ನಲವತ್ತು ಜನರಲ್ಲಿ ಹದಿನೇಳು ಮಂದಿ ತಾವೇ ಗಂಟು ಹಾಕಿದ ಬಣ್ಣಬಣ್ಣದ ರಜಾಯಿ ಹೊತ್ತು ಹೋಗಿದ್ದಾರೆ. ಉಳಿದವರು ಅಂಗಡಿಯ ಅಚ್ಚುಕಟ್ಟಿನದನ್ನು ಹೊತ್ತಿದ್ದಾರೆ. ಅಂದಿನಿಂದ ಸಾಹುಕಾರ ಸಡಿಲಕ್ಕನನ್ನು ಕರೆಯಲು ಎರಡು ಸಲ ಆಳು ಕಳಿಸಿದ್ದಾನೆ.

ಅವಳು ಹೋಗಿಲ್ಲ.