ಭಂಡಾರ ಎತ್ತಿ ಹೇಳಿದ ಸುಳ್ಳು

ಮಹಾನಂದಾ ವೈನಿ, ಶಿವಣ್ಣನ ಕೈ ಜಾರಿರಲಿಲ್ಲ. ಆ ದಸರೆಯ ಸಂಜೆ ನಿಮ್ಮ ಗಂಡ ಸ್ಟೇರಿಂಗನ್ನು ಎರಡೂ ಕೈಲಿ ಬಿಗಿಯಾಗಿ ಹಿಡಿದಿದ್ದ. ಮುರಿದದ್ದು ನಾನು ಮಾಡಿದ ವೆಲ್ಡಿಂಗ್. ನಿಮ್ಮ ಎರಡೂ ಕಾಲು ಹೋದದ್ದು ನನ್ನಿಂದ, ಅವನಿಂದಲ್ಲ. ಆರು ವರ್ಷ ಇದನ್ನು ಒಳಗಿಟ್ಟುಕೊಂಡೇ ಉಂಡೆ, ಮಲಗಿದೆ, ಗ್ಯಾರೇಜಿನ ಶಟರ್ ಎತ್ತಿದೆ, ಇಳಿಸಿದೆ.

ನಾನು ಮಾಳಪ್ಪ, ಉಮರಗಾದ ಹೈವೇ ಪಕ್ಕದ ಗ್ಯಾರೇಜಿನವ. ಮುರುಮದ ಕನ್ನಡ ಶಾಲೆಯಲ್ಲಿ ನನಗಿಂತ ಎರಡು ವರ್ಗ ಮುಂದಿದ್ದ ಶಿವಣ್ಣನೇ ತಿದ್ದಿಸಿದ ಅಕ್ಷರ ಇವು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಉಳಿದ ತಪ್ಪನ್ನು ಹಾಕಿಕೊಳ್ಳಬೇಡಿ.

ಎಲ್ಲಿಂದ ಹೇಳಲಿ? ಆ ಕಾರಿನಿಂದಲೇ ಹೇಳಬೇಕು. ಶಿವಣ್ಣನ ಅಜ್ಜ ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ತಂದ ಕೆಂಪು ವಿಲಾಯತಿ ಕಾರು — ಎರಡೇ ಸೀಟು, ಮೇಲೆ ಛತ್ತಿಲ್ಲ, ಉದ್ದ ಮೂತಿ. ಎಂಜಿನ್ ಸತ್ತು ಎಷ್ಟೋ ವರ್ಷವಾಗಿತ್ತು. ನೀವು ಮದುವೆಯಾಗಿ ಬಂದಾಗ ಅದು ದನದ ಕೊಟ್ಟಿಗೆಯಲ್ಲಿ ಜೋಳದ ಕಣಕಿಯ ಕೆಳಗೆ ಬಿದ್ದಿತ್ತು. ನೀವು ನನ್ನೆದುರಿಗೇ ಅವನನ್ನು ಹಂಗಿಸಿದ್ದಿರಿ, ನೆನಪಿದೆಯೇ? “ಈ ಗಾಡ್ಯಾಗ ಕೋಳಿ ಕೂತು ಮರಿ ಮಾಡಿ ಎದ್ದು ಹೋದ್ವು. ನಾವು ಯಾವಾಗ ಕೂಡೂದು?” ಶಿವಣ್ಣ ಕಿವಿ ಕೆಂಪು ಮಾಡಿಕೊಂಡು ನನ್ನ ಕಡೆ ನೋಡಿದ. ನಾನು ಎದೆ ಉಬ್ಬಿಸಿ, “ಈ ದಸರಾಕ್ಕ ಕೂಡಸ್ತೀನ್ರಿ ವೈನಿ” ಅಂದುಬಿಟ್ಟೆ. ಬಾಯಿ ಮುಂದೆ, ಬುದ್ಧಿ ಹಿಂದೆ — ನಮ್ಮವ್ವ ನನಗೆ ಯಾವಾಗಲೂ ಅನ್ನುತ್ತಿದ್ದದ್ದು ಅದೇ.

ಹಳೇ ಎಂಜಿನ್ನಿನ ಸಾಮಾನು ಎಲ್ಲೂ ಸಿಗಲಿಲ್ಲ. ಆಗ ಹೈವೇಯಲ್ಲಿ ಹಿಂಭಾಗ ಜಜ್ಜಿಹೋದ ಹೊಸ ಕಾರೊಂದು ಗುಜರಿಗೆ ಬಂತು. ಅದರ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಇಳಿಸಿ ಈ ಮುದುಕನ ಹೊಟ್ಟೆಗೆ ಕೂರಿಸಿದೆ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕೂತಿತು, ಚಾಲೂ ಆಯಿತು, ಹುಲಿಯಂತೆ ಗುರುಗುಟ್ಟಿತು; ಶಿವಣ್ಣ ನನ್ನನ್ನು ಎತ್ತಿ ಕುಣಿದ. ಆದರೆ ಹೊಸ ಎಂಜಿನ್ ಅಗಲ. ಅದರ ಹೊಗೆಯ ಕೊಳವೆ ನೇರ ಸ್ಟೇರಿಂಗ್ ರಾಡಿಗೆ ತಾಗುತ್ತಿತ್ತು. ರಾಡನ್ನು ಕತ್ತರಿಸಿ, ನಡುವೆ ಮಡಚುವ ಜಾಯಿಂಟ್ ಹಾಕಿ ಬಳಸಿ ಒಯ್ಯಬೇಕಿತ್ತು. ಕತ್ತರಿಸಿದೆ. ಜಾಯಿಂಟನ್ನು ಉದಗೀರದ ಲೇಥಿನವನಿಗೆ ಹೇಳಿ ಮಾಡಿಸಿದೆ. ಅದು ಕೈಗೆ ಬಂದದ್ದು ಖಂಡೇನವಮಿಯ ಮುಂಜಾನೆ.

ವೈನಿ, ಇಲ್ಲಿಂದ ಮುಂದಿನದನ್ನು ಎರಡು ಸಲ ಬರೆದು ಹರಿದು ಹಾಕಿದೆ. ಆದರೂ ಬರೆಯುತ್ತೇನೆ.

ಖಂಡೇನವಮಿಗೆ ನಾವು ಹತ್ಯಾರಗಳನ್ನೆಲ್ಲ ತೊಳೆದು ಪೂಜೆಗಿಡುತ್ತೇವಲ್ಲ. ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಇಟ್ಟರೆ ದಸರೆ ದಾಟುವ ತನಕ ಮುಟ್ಟುವ ಹಾಗಿಲ್ಲ. ಪೂಜೆಯ ಹೊತ್ತಾಗಿತ್ತು. ನಾನು ಅವಸರದಲ್ಲಿ ಜಾಯಿಂಟನ್ನು ರಾಡಿಗೆ ಹಚ್ಚಿ ಅಲ್ಲೊಂದು ಇಲ್ಲೊಂದು ಟಾಕಾ ಹಾಕಿದೆ — ಟಾಕಾ ಅಂದರೆ ಸದ್ಯಕ್ಕೆ ಹಿಡಿದುಕೊಳ್ಳಲಿ ಅಂತ ಹಾಕುವ ವೆಲ್ಡಿಂಗಿನ ಚುಕ್ಕಿ. ಆಮೇಲೆ ಸುತ್ತಲೂ ತುಂಬಿಸಬೇಕು. ತುಂಬಿಸುವ ಮೊದಲೇ ವೆಲ್ಡಿಂಗ್ ಮಶೀನಿಗೆ ಹೂ ಏರಿಸಿದೆ. ಮರುದಿನ ಮುಂಜಾನೆ ಮಶೀನಿನ ಮುಂದೆ ನಿಂತೆ. ಹೂ ಸರಿಸಿ ಹತ್ತು ನಿಮಿಷ ಹಚ್ಚಿದ್ದರೆ ಮುಗಿಯುತ್ತಿತ್ತು. ಹತ್ತೇ ನಿಮಿಷ, ವೈನಿ! ಪೂಜೆಗಿಟ್ಟದ್ದನ್ನು ಹೇಗೆ ಮುಟ್ಟಲಿ ಅಂದುಕೊಂಡೆ. ಗಾಡಿ ಹೋಗುವುದು ಸೀಮೆಯ ತನಕ, ಬನ್ನಿ ತಗೊಂಡು ತಿರುಗಿ ಬರುವುದು. ನಾಳೆ ಮಾಡಿದರಾಯಿತು ಅಂದುಕೊಂಡೆ. ಇವತ್ತು ಗಾಡಿ ಬೇಡ ಅಂತ ಒಂದು ಮಾತು ಅನ್ನಬಹುದಿತ್ತು. ಆ ಮಾತೂ ಬಾಯಿಗೆ ಬರಲಿಲ್ಲ. ಮಾಳಪ್ಪ ಹಳೇ ಕಾರಿಗೆ ಜೀವ ಕೊಟ್ಟಾನಂತ, ಅಂತ ಊರೇ ಬಂದು ನಿಂತಿತ್ತಲ್ಲ.

ನೀವು ಹಸಿರು ಇಳಕಲ್ ಸೀರೆ ಉಟ್ಟು ಬಂದಿರಿ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. ಶಿವಣ್ಣ ಸ್ಟೇರಿಂಗ್ ಹಿಡಿದು ನನ್ನ ಮುಖ ನೋಡಿದ. “ಎಲ್ಲಾ ಬರೋಬ್ಬರ ಅದನೋ ಮಾಳ್ಯಾ?”

“ಬೇಫಿಕೀರ್ ಹೋಗಿ ಬಾ ಅಣ್ಣಾ.”

ಹೋದಿರಿ. ಸೀಮೆ ದಾಟಿದಿರಿ, ಬನ್ನಿ ತಗೊಂಡಿರಿ. ನಾನು ಮೋಟಾರ್ ಸೈಕಲ್ ಮೇಲೆ ಹಿಂದೇ ಇದ್ದೆ. ತಿರುಗಿ ಬರುವಾಗ ಕಬ್ಬಿನ ಹೊಲದ ತಿರುವಿನಲ್ಲಿ ರಸ್ತೆ ಎಡಕ್ಕೆ ಹೊರಳಿತು, ಗಾಡಿ ಹೊರಳಲಿಲ್ಲ. ನೆಟ್ಟಗೆ ಹೋಗಿ ಮೋರಿಯ ಕಲ್ಲಿಗೆ ಬಡಿಯಿತು. ನೀವು ಹೊರಗೆ ಬಿದ್ದಿದ್ದಿರಿ, ಬನ್ನಿ ಎಲೆ ಇನ್ನೂ ಮುಷ್ಟಿಯಲ್ಲಿತ್ತು. ಶಿವಣ್ಣ ಹಣೆಯಿಂದ ರಕ್ತ ಸುರಿಸುತ್ತ ನಿಮ್ಮ ಹೆಸರು ಕೂಗುತ್ತಿದ್ದ. ಜನ ನಿಮ್ಮನ್ನು ಜೀಪಿಗೆ ಎತ್ತುತ್ತಿದ್ದಾಗ ನಾನು ಏನು ಮಾಡಿದೆ ಗೊತ್ತೇ? ಬಾನೆಟ್ಟಿನೊಳಗೆ ಕೈ ಹಾಕಿದೆ. ಜಾಯಿಂಟ್ ರಾಡಿನಿಂದ ಕಿತ್ತು ಬಂದಿತ್ತು, ಟಾಕಾ ಎರಡೂ ಬಿಟ್ಟಿದ್ದವು. ಅದನ್ನು ತೆಗೆದು ಅಂಗಿಯೊಳಗೆ ಹಾಕಿಕೊಂಡೆ. ನಿಮ್ಮನ್ನು ಎತ್ತಲು ನಾಲ್ಕು ಕೈ ಬೇಕಿದ್ದವು. ನನ್ನ ಎರಡು ಕೈ ಬಾನೆಟ್ಟಿನೊಳಗಿದ್ದವು.

ಮೂರನೇ ದಿನ ದವಾಖಾನೆಯಲ್ಲಿ, ಕಾಲಿಗೆ ಇನ್ನು ಶಕ್ತಿ ಬರುವುದಿಲ್ಲ ಅಂತ ನಿಮಗೆ ತಿಳಿದ ಮೇಲೆ, ನನ್ನನ್ನು ಕರೆಸಿದಿರಿ. ಶಿವಣ್ಣ ಗೋಡೆಗೆ ಒರಗಿ ನಿಂತಿದ್ದ. ನಿಮ್ಮ ನೆನಪಿನಲ್ಲಿ ಉಳಿದದ್ದು ಇಷ್ಟೇ — “ಸಾವಕಾಸ ಹೊಡಿರಿ” ಅಂತ ನೀವು ಅಂದದ್ದು, ಅವನು ನಕ್ಕದ್ದು. ಅವನು ಸ್ಟೇರಿಂಗ್ ತಿರುವಿದ್ದೆ ಅಂತಿದ್ದ, ನಿಮಗೆ ನಂಬಿಕೆ ಇರಲಿಲ್ಲ. ನೀವು ನಿಮ್ಮ ಇಷ್ಟಲಿಂಗದ ಮೇಲೆ ಆಣೆ ಕೇಳಲಿಲ್ಲ. ನನ್ನ ಕುಲದೇವರು ಬೀರಪ್ಪನ ಮೇಲೆ ಕೇಳಿದಿರಿ.

“ಮಾಳಪ್ಪಾ, ತಪ್ಪು ಗಾಡೀದೋ, ಇವರದೋ? ಭಂಡಾರ ಎತ್ತಿ ಹೇಳು. ನೀ ಏನು ಹೇಳ್ತಿ ಅದೇ ಖರೇ ಅಂತೀನಿ.”

ನನ್ನ ಕಿಸೆಯಲ್ಲಿ ಭಂಡಾರದ, ಅಂದರೆ ಬೀರಪ್ಪನ ಅರಿಶಿನದ, ಚೀಲ ಯಾವಾಗಲೂ ಇರುತ್ತಿತ್ತು. ಬಿಚ್ಚಿದೆ. ಅರಿಶಿನ ಬೆರಳಿಗೆ ಹತ್ತಿತು. ನಮ್ಮ ಕುಲದಲ್ಲಿ ಕುರಿ ಕದ್ದವನೂ ಭಂಡಾರ ಎತ್ತು ಅಂದರೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾನೆ. ನಾನು ಎತ್ತಿದೆ.

“ಗಾಡಿ ಬರೋಬ್ಬರ ಇತ್ರಿ ವೈನಿ. ಅಣ್ಣನ ಕೈ ಜಾರ್ಯದ.”

ಪೂಜೆಗಿಟ್ಟ ಮಶೀನ್ ಮುಟ್ಟಿದರೆ ದೇವರಿಗೆ ಅಪಚಾರ ಅಂದವನು, ಅದೇ ದೇವರ ಭಂಡಾರ ಎತ್ತಿ ಸುಳ್ಳು ಹೇಳಿದೆ. ಥೂ ನನ್ನ ಜನ್ಮಕ್ಕೆ! ಶಿವಣ್ಣ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆ ನೋಟ — ಇಲ್ಲ, ಅದನ್ನು ಬರೆಯಲು ನನಗಾಗುವುದಿಲ್ಲ.

ನೀವು ಔರಾದ ಶಹಾಜನಿಯ ತವರಿಗೆ ಹೋದಿರಿ, ತಿರುಗಿ ಬರಲಿಲ್ಲ. ಅವನು ಅಂದಿನಿಂದ ಟ್ರ್ಯಾಕ್ಟರ್ ಕೂಡ ಮುಟ್ಟಿಲ್ಲ. ಹೊಲಕ್ಕೆ ನಡೆದೇ ಹೋಗುತ್ತಾನೆ. ಸಂತೆಯ ದಿನ ಎಸ್ಟಿ ಬಸ್ ಹತ್ತಿ ಔರಾದಕ್ಕೆ ಬರುತ್ತಾನೆ. ನಿಮ್ಮ ಅಣ್ಣ ಬಾಗಿಲಿಗೆ ಬಂದು “ಮಲಗ್ಯಾಳ” ಅನ್ನುತ್ತಾನೆ. ಅವನು ಬೇವಿನ ಕಟ್ಟೆಯ ಮೇಲೆ ಕೂತು, ಸಂಜೆಯ ಬಸ್ಸಿಗೆ ಮರಳುತ್ತಾನೆ. ಆರು ವರ್ಷದಿಂದ ಹೀಗೇ. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ಇದ್ದೆ. ಬೀರಪ್ಪನ ಗುಡಿಯಲ್ಲಿ ಪೂಜಾರಿ ಭಂಡಾರ ಹಾರಿಸಿದರೆ ನನ್ನ ಮೈಮೇಲೂ ಬೀಳುತ್ತದೆ. ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಳ್ಳಲು ಮಾತ್ರ ಧೈರ್ಯವಿಲ್ಲ.

ಮೊನ್ನೆ ಶಿವಣ್ಣ ಗ್ಯಾರೇಜಿಗೆ ಬಂದ. ಚಹಾ ತರಿಸಿದೆ, ಕುಡಿಯಲಿಲ್ಲ. ಲೋಟ ಸರಿಸಿ ಕೇಳಿದ: “ಮಾಳ್ಯಾ, ಕೈ ಜಾರಿದ್ದರ ಕೈಗೆ ನೆನಪಿರಬೇಕಲ್ಲೋ? ನನಗ ಬಿಗಿ ಹಿಡದದ್ದೇ ನೆನಪದ. ಎಡಕ್ಕ ತಿರುವಿದ್ದೇ ನೆನಪದ.” ಅವನೇ ಮತ್ತೆ ಅಂದ: “ಇರಲಿ ಬಿಡು. ನಿನ್ನ ಭಂಡಾರ ಸುಳ್ಳಾಗೂದಿಲ್ಲ. ನನ್ನ ಕೈನೇ ಸುಳ್ಳು.”

ಅಯ್ಯೋ ವೈನಿ, ತನ್ನ ಕೈಗಿಂತ ನನ್ನ ಆಣೆಯನ್ನು ನಂಬಿದ್ದನಲ್ಲ ಆ ಮನುಷ್ಯ! ನನ್ನಿಂದ ತಡೆಯಲಾಗಲಿಲ್ಲ. ಪೆಟ್ಟಿಗೆ ತೆಗೆದು, ಅರಿವೆಯಲ್ಲಿ ಸುತ್ತಿಟ್ಟಿದ್ದ ಜಾಯಿಂಟನ್ನು ಅವನ ಕೈಲಿಟ್ಟೆ. ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಛಲೋ ಇತ್ತು. ಅವನು ಆ ಕಬ್ಬಿಣವನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಗಳಗಳ ಅತ್ತ. ಕಣ್ಣು ಒರೆಸಿಕೊಂಡು ಒಂದೇ ಮಾತು ಅಂದ: “ನಾ ಹೇಳಿದರ ಆಕಿ ನಂಬೂದಿಲ್ಲ. ನೀ ಬರಿ, ನಾ ಒಯ್ತೀನಿ.”

ಅದಕ್ಕೇ ಬರೆದೆ. ಅವಸರವಿತ್ತು, ಹೆದರಿದ್ದೆ, ದೇವರ ನೇಮ ಅಡ್ಡ ಬಂತು — ಇದಾವುದನ್ನೂ ನನ್ನ ಪರವಾಗಿ ಹಿಡಿಯಬೇಡಿ. ನಿಮ್ಮ ಕಾಲು ನಾನು ಕೊಡಲಾರೆ. ಆರು ವರ್ಷವನ್ನೂ ಕೊಡಲಾರೆ. ಜಾಯಿಂಟ್ ಅವನ ಚೀಲದಲ್ಲಿದೆ. ಕೈಗೆ ತಗೊಂಡು ನೋಡಿ. ನಾನು ಔರಾದದ ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ಕರೆಸಿದರೆ ಬಂದು ಹತ್ತು ಮಂದಿಯ ಮುಂದೆ ಹೇಳುತ್ತೇನೆ, ಪೊಲೀಸರ ಮುಂದೆಯೂ ಹೇಳುತ್ತೇನೆ. ನನ್ನ ವಿಚಾರ ಆಮೇಲೆ ಮಾಡಿರಿ.

ಮೊದಲು ಬಾಗಿಲು ತೆಗೆಸ್ರಿ ವೈನಿ. ಅಣ್ಣ ಹೊರಗ ಕೂತಾನ.