ಜೀಪಿಗೆ ಕಟ್ಟಿದ ಗಾಳಿ ಯಂತ್ರ

ಯಲಬುರ್ಗಾ ಕಡೆಯ ಹೊಲದ ದಾರಿ. ಜಾಲಿಮುಳ್ಳು ಚುಚ್ಚಿದ ಟ್ಯೂಬಿಗೆ ಪ್ಯಾಚ್ ಹಾಕಿ, ಜೀಪಿನ ಬಾನೆಟ್ ಎತ್ತಿ ಪೈಪ್ ಜೋಡಿಸಿ ಎಂಜಿನ್ ಚಾಲೂ ಮಾಡಿದೆ. ಟೈರು ತಾನೇ ತಾನಾಗಿ ಉಬ್ಬತೊಡಗಿತು. ಸುತ್ತ ನೆರೆದವರು ಇದೇನು ಎಂದು ಕೇಳಿದರು. "ಗಾಳಿ ಯಂತ್ರ" ಎಂದೆ.

ಎಂಬತ್ತರ ದಶಕದಲ್ಲಿ ನಾನು ಸರಕಾರಿ ದವಾಖಾನೆಯ ಜೀಪ್ ಡ್ರೈವರ್. ಕೈಪಂಪು ಒತ್ತಿ ಒತ್ತಿ ಬೇಸತ್ತು, ಗುಜರಿಯಲ್ಲಿ ಸಿಕ್ಕ, ಗಾಳಿ ಒತ್ತುವ ಲಾರಿ ಕಂಪ್ರೆಸರನ್ನು ಎಂಜಿನ್ ಪಕ್ಕ ಕೂರಿಸಿ ಬೆಲ್ಟ್ ಹಾಕಿದ್ದೆ. ಅದನ್ನು ಹಿಡಿದಿಟ್ಟ ಕ್ಲ್ಯಾಂಪ್ ಎರಡು ಸಲ ಮುರಿಯಿತು. ಎಲ್ಲರೂ ನಕ್ಕರು. ಮೂರನೇ ಸಲ ದಪ್ಪ ಕಬ್ಬಿಣದ ಪಟ್ಟಿ ತಂದು ವೆಲ್ಡಿಂಗ್ ಮಾಡಿಸಿದೆ.

ಗುಂಪಿನಿಂದ ಒಬ್ಬ ಅಜ್ಜಿ ಮುಂದೆ ಬಂದಳು. "ಯಪ್ಪಾ, ನನ್ನ ಮೊಮ್ಮಗಳಿಗೆ ಗಾಳಿ ಬಡದೈತಿ. ಮೂರು ದಿನದಿಂದ ಮೈ ಸುಡಾಕತ್ತೈತಿ. ನಿನ್ನ ಯಂತ್ರ ಆಕಿಗೂ ಕಟ್ಟು."

"ಇದು ಗಾಳಿ ಬಿಡಸೂದಲ್ಲ ಯವ್ವಾ, ತುಂಬೂದು. ಹುಡುಗಿನ್ನ ಎತ್ತಿಕೊಂಡು ಬಾ, ದವಾಖಾನಿಗೆ ಹೋಗೂಣು" ಎಂದು ಜೀಪನ್ನು ಸೀದಾ ಕೊಪ್ಪಳಕ್ಕೆ ಓಡಿಸಿದೆ.

ಡಾಕ್ಟರ ಔಷಧಿಗೆ ಜ್ವರ ಇಳಿದು ಹುಡುಗಿ ಬದುಕಿದಳು. ಜೀಪಿನ ಯಂತ್ರವೇ ಗಾಳಿ ಬಿಡಿಸಿತೆಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ನಾನು ತಿದ್ದಿ ತಿದ್ದಿ ಸೋತು ಬಿಟ್ಟುಬಿಟ್ಟೆ. ಮುಂಜಾನೆ ಎದ್ದು ಆ ಕಂಪ್ರೆಸರಿನ ಬೆಲ್ಟ್ ಬಿಗಿ ಮಾಡುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.