ಡಬ್ಬಿಯ ತಳದ ಹಿಟ್ಟು

ಆಗಿನ ದಿನಗಳಲ್ಲಿ ಗೋಗಿ ಊರಿನ ನಮ್ಮ ಓಣಿಗೆಲ್ಲ ಗಿರಣಿ ಒಂದೇ. ಸಂಜೆ ಅದರ ಪಟ್ಟಾ ತಿರುಗುವ ಸದ್ದು ಕೇಳಿದರೆ ಹುಡುಗಿಯರೆಲ್ಲ ತಲೆಯ ಮೇಲೆ ಡಬ್ಬಿ ಹೊತ್ತು ಹೊರಡುತ್ತಿದ್ದೆವು. ಬಿಸಿ ಹಿಟ್ಟಿನ ವಾಸನೆ ಎಲ್ಲೇ ಬರಲಿ, ಇವತ್ತಿಗೂ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ಒಂದು ಸಣ್ಣ ಡಬ್ಬಿ ನೆನಪಾಗುತ್ತದೆ. ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೂ ಆ ಡಬ್ಬಿಯ ಮಾತು ಹೇಳಬೇಕಾಗಿದೆ.

ನಮ್ಮ ಮನೆಯಲ್ಲಿ ಹಿಟ್ಟಿನ ಡಬ್ಬಿ ಎರಡಿದ್ದವು. ದೊಡ್ಡದು ಎಲ್ಲರದು. ಸಣ್ಣದು, ಹಿಡಿಕೆಗೆ ಕೆಂಪು ರಿಬ್ಬನ್ ಕಟ್ಟಿದ್ದು, ನನ್ನ ತಂಗಿ ಭಾಗ್ಯಾಳದು. ಚಿಕ್ಕಂದಿನಲ್ಲಿ ಅವಳ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಏನು ತಿಂದರೂ ಭೇದಿಯಾಗುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿದ್ದಾಯಿತು. ಕೊನೆಗೆ ಕಲಬುರಗಿಯ ಡಾಕ್ಟರೊಬ್ಬರು ರಕ್ತ ನೋಡಿ, ಬಾಯಿಯಿಂದ ನಳಿಕೆ ಇಳಿಸಿ ಕರುಳು ನೋಡಿ, ಇದು ಸೀಲಿಯಾಕ್ ಎಂಬ ರೋಗ ಅಂದರು. ಗೋಧಿ, ರವೆ, ಮೈದಾ, ಶಾವಿಗೆ ಇನ್ನು ಬದುಕಿರುವತನಕ ಬಾಯಿಗೆ ಹೋಗಕೂಡದು.

"ಮತ್ತ ಏನ್ ತಿನ್ನಬೇಕ್ರಿ ಸಾಹೇಬ್ರ?" ಅವ್ವ ಕೇಳಿದಳು.

"ಜೋಳದ ರೊಟ್ಟಿ, ಅನ್ನ, ಬೇಳೆ, ಕಾಯಿಪಲ್ಲೆ."

ಅವ್ವ ನಕ್ಕುಬಿಟ್ಟಳು. "ಅದನ್ನೇ ಉಣ್ಣೋ ಮಂದಿರೀ ನಾವು. ಇದಕ್ಕ ಇಷ್ಟ ದೂರ ಬಂದ್ವೇನು?"

ಆದರೆ ಗೋಧಿಯ ಧೂಳು ಕೂಡ ಸೇರಬಾರದು ಎಂದು ಡಾಕ್ಟರು ಹೇಳಿದ ಮಾತು ಅವ್ವನ ಮನಸ್ಸಿನಲ್ಲಿ ನಾಟಿತು. ನಮ್ಮ ಗಿರಣಿಯಲ್ಲಿ ಗೋಧಿಗೂ ಜೋಳಕ್ಕೂ ಒಂದೇ ಕಲ್ಲು. ಅದಕ್ಕೆ ಅವ್ವ ನನಗೊಂದು ಕಟ್ಟಳೆ ಮಾಡಿದಳು. "ಗೋಧಿ ಬೀಸಿದ ಹಿಂದ ಈ ಡಬ್ಬಿ ಹಾಕಬ್ಯಾಡ. ನಾಕ್ ಮಂದೀದು ಜ್ವಾಳ ಹೋಗ್ಲಿ, ಆಮ್ಯಾಲ ಹಾಕು. ಹೊತ್ತಾದ್ರ ಆಗ್ಲಿ." ನಾನು ಹಾಗೇ ಮಾಡುತ್ತಿದ್ದೆ. ಬರುಬರುತ್ತ ಭಾಗ್ಯಾ ಮೈ ತುಂಬಿಕೊಂಡಳು. ನನ್ನ ಜಡೆ ಹಿಡಿದು ಜಗ್ಗುವಷ್ಟು ಬಲವೂ ಬಂತು.

ಗೋಡೆಯಾಚೆಯ ಮನೆ ಖಾಸಿಂಬಿ ಚಾಚಿಯದು. ಅಲಾಯಿ ಹಬ್ಬ, ಅಂದರೆ ಮೊಹರಂ, ಬಂತೆಂದರೆ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಚೊಂಗೆ. ಗೋಧಿ ಹಿಟ್ಟಿಗೆ ಬೆಲ್ಲ ಹಾಕಿ ನಾದಿ, ಗೆರೆ ಕೆತ್ತಿದ ಮರದ ಹಲಗೆಯ ಮೇಲೆ ಒತ್ತಿ, ಹಂಚಿನಲ್ಲಿ ಬೇಯಿಸುವ ಸಿಹಿ ರೊಟ್ಟಿ ಅದು. ಚಾಚಿಯ ಚೊಂಗೆಯ ಗೆರೆಗಳು ಹೊಸದಾಗಿ ನೇಗಿಲು ಹೊಡೆದ ಹೊಲದ ಹಾಗೆ ಕಾಣುತ್ತಿದ್ದವು. ನಾವೆಲ್ಲ ತಿನ್ನುವಾಗ ಭಾಗ್ಯಾ ಆ ಗೆರೆಗಳ ಮೇಲೆ ಬೆರಳಾಡಿಸಿ ಕೈ ತೊಳೆದುಕೊಳ್ಳುತ್ತಿದ್ದಳು. ಅದನ್ನು ಚಾಚಿ ನೋಡಿದ್ದಳು.

"ಈ ಸಲ ಭಾಗ್ಯಾಗ ಜ್ವಾಳದ ಚೊಂಗೆ ಮಾಡ್ತೀನಿ," ಅಂದಳು.

"ಜ್ವಾಳ ಎಲ್ಲಿ ಅಂಟತದ ಅಕ್ಕಾ?" ಅಂದಳು ಅವ್ವ.

"ಬಿಸಿ ಬೆಲ್ಲದ ನೀರಾಗ ನಾದಿದ್ರ ಅಂಟತದ. ಒಡೀತಂದ್ರ ಚೂರು ತಿಂತಾಳ, ಹಲ್ಲಿಗಿ ಕೆಲಸ ಕಮ್ಮಿ. ಹಿಟ್ಟು ಮಾತ್ರ ನಿಮ್ಮ ಡಬ್ಬೀದೇ ಕೊಡ್ರಿ, ನಮ್ಮದು ಬ್ಯಾಡ."

ಹಬ್ಬದ ಮುಂಚಿನ ವಾರ ನನ್ನನ್ನು ಗಿರಣಿಗೆ ಕಳಿಸಿದರು. ಚೊಂಗೆಗೆಂದು ಊರೆಲ್ಲ ಗೋಧಿ ತಂದಿತ್ತು, ಸಾಲಿನಲ್ಲಿ ಜೋಳದ ಡಬ್ಬಿಗಳೇ ಕಡಿಮೆ. ಅತ್ತ ಅಲಾಯಿ ಕುಣಿತದ ತಮಟೆ ಬಾರಿಸತೊಡಗಿದ್ದರು. ನನ್ನ ಗೆಳತಿಯರು ಆಗಲೇ ಓಡಿದ್ದರು.

ಗಿರಣಿ ಕಾಕಾ ನನ್ನ ರಿಬ್ಬನ್ ಡಬ್ಬಿ ಗುರುತು ಹಿಡಿದ. "ಯವ್ವಾ, ಈಗ ಗೋಧಿ ಬೀಸೀನಿ. ನಿಮ್ಮವ್ವ ಬೈತಾಳ. ನಿಂದ್ರು ತುಸು."

"ನಡೀತದ ಹಾಕ್ರಿ. ಅವ್ವನೇ ಹೇಳ್ಯಾಳ," ಅಂದೆ.

ಕಲ್ಲಿನಲ್ಲಿ ಉಳಿದಿದ್ದ ಗೋಧಿ ಹಿಟ್ಟು ಮೊದಲು ಬಿತ್ತು, ತುಸು ಕೆಂಪಗೆ. ಅದರ ಮೇಲೆ ಬೆಳ್ಳಗೆ ಜೋಳದ ಹಿಟ್ಟು ಬಿದ್ದು ಮುಚ್ಚಿಕೊಂಡಿತು. ನನ್ನ ಕಣ್ಣಿಗೆ ಅದು ಕಂಡಿತ್ತು. ಡಬ್ಬಿಯನ್ನು ಮನೆಯಲ್ಲಿಟ್ಟು ಕುಣಿತ ನೋಡಲು ಓಡಿದೆ.

ದಿನಾ ಮೇಲಿನ ಹಿಟ್ಟಿನ ರೊಟ್ಟಿ ತಿಂದ ಭಾಗ್ಯಾಳಿಗೆ ಏನೂ ಆಗಲಿಲ್ಲ. ನಾನೂ ಮರೆತೆ. ಹಬ್ಬದ ದಿನ ಅವ್ವ ತಳದಲ್ಲಿ ಉಳಿದದ್ದನ್ನೆಲ್ಲ ಬಳಿದು ಚಾಚಿಗೆ ಕೊಟ್ಟಳು. ಚಾಚಿ ಮಾಡಿದ ಚೊಂಗೆಯ ಅಂಚು ಒಡೆದಿತ್ತು, ಗೆರೆಗಳು ಮಾತ್ರ ನೆಟ್ಟಗೆ ಮೂಡಿದ್ದವು. ಭಾಗ್ಯಾ ಗೆರೆ ಗೆರೆಯಾಗಿ ಮುರಿದು, ಯಾರಿಗೂ ಕೊಡದೆ ತಿಂದಳು. "ನಿಮ್ಮದಕಿಂತ ನಂದೇ ಚೊಲೋ ಅದ," ಅಂತ ನನ್ನನ್ನು ಅಣಕಿಸಿದಳು.

ಮರುದಿನ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದಳು. ವಾಂತಿ, ಭೇದಿ. ವಾರದಲ್ಲಿ ಮುಖ ಮತ್ತೆ ಹಳೆಯ ಹಾಗೆ ಬಾಡಿತು. ಅವ್ವ ಗೋಡೆಯ ಹತ್ತಿರ ಹೋಗಿ ನಿಂತಳು.

"ಆ ಹಲಗಿ ಗೋಧೀದು ಒತ್ತೋದೇ ಅಲ್ಲೇನು?"

"ಬಿಸಿನೀರಾಗ ತಿಕ್ಕಿ ತೊಳದು ಬಿಸಿಲಿಗಿ ಇಟ್ಟಿದ್ದೆನವಾ."

"ತೊಳದ್ರ ಹೋಗ್ತದೇನು? ಇನ್ ಮ್ಯಾಲ ನನ್ನ ಕೂಸಿಗಿ ಏನೂ ಕೊಡಬ್ಯಾಡ."

ಚಾಚಿ ಒಳಗೆ ಹೋಗಿಬಿಟ್ಟಳು. ನಾನು ಬಚ್ಚಲಲ್ಲಿ ಆ ಖಾಲಿ ಡಬ್ಬಿಯನ್ನೇ ತೊಳೆಯುತ್ತಿದ್ದೆ. ಬಾಯಿ ತೆರೆದಿದ್ದರೆ ಎರಡು ಏಟು ಬೀಳುತ್ತಿದ್ದವು, ಅಷ್ಟೇ. ತೆರೆಯಲಿಲ್ಲ.

ಹಾಸಿಗೆಯಲ್ಲಿ ಭಾಗ್ಯಾ ಕೇಳಿದಳು, "ಅಕ್ಕಾ, ಚಾಚಿ ಬೇಕಂತ ಮಾಡ್ಯಾಳೇನು?"

"ಇಲ್ಲ."

"ಮತ್ತ ಹ್ಯಾಂಗಾತು?"

"ಸುಮ್ಮ ಮಕ್ಕೋ."

ಭಾಗ್ಯಾ ಸುಧಾರಿಸಿಕೊಂಡಳು. ಆದರೆ ಗೋಡೆಯ ಮೇಲಿಂದ ಬಟ್ಟಲು ದಾಟುವುದು ನಿಂತುಹೋಯಿತು. ಕೆಲ ವರ್ಷಕ್ಕೆ ಚಾಚಿ ಸುರಪುರದಲ್ಲಿದ್ದ ಮಗಳ ಮನೆ ಸೇರಿದಳು. ಅವ್ವ ಆ ಮುನಿಸನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರಿಕೊಂಡಳು.

ಈಗ ನಾನು ಶಹಾಪುರದಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಮನೆಯಲ್ಲೇ ಸಣ್ಣ ಗಿರಣಿ ಇದೆ, ಅದರಲ್ಲಿ ಗೋಧಿಯ ಒಂದು ಕಾಳೂ ಬಿದ್ದಿಲ್ಲ. ಭಾಗ್ಯಾ ಭೀಮರಾಯನಗುಡಿಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ, ಮಗನ ಹಿಂದೆ ಓಡಾಡುತ್ತಾಳೆ, ಮದುವೆಗೆ ಹೋದರೆ ಚೀಲದಲ್ಲಿ ತನ್ನ ರೊಟ್ಟಿ ಒಯ್ದು ಎಲ್ಲರ ನಡುವೆ ಕೂತು ನಗುತ್ತ ಉಣ್ಣುತ್ತಾಳೆ. ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ನನಗೆ ಹೇಳಿಕೊಟ್ಟವಳು ಅವಳೇ. ಈ ಸಲ ಅಲಾಯಿಯ ಮುಂಚೆ ಅವಳಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಚಾಚಿಗಿ ಹೇಳಿದಿ?"

"ಇಲ್ಲ."

"ಮತ್ತ ನನಗ್ಯಾಕ ಹೇಳ್ಲಾಕತ್ತಿ? ನಡಿ."

ಇಬ್ಬರೂ ಸುರಪುರಕ್ಕೆ ಹೋದೆವು. ಚಾಚಿಗೆ ಈಗ ವಯಸ್ಸಾಗಿದೆ, ಕಣ್ಣು ಮಂಜು. ಭಾಗ್ಯಾಳ ಗಲ್ಲ, ತೋಳು ಮುಟ್ಟಿ ನೋಡಿ, "ಚಂದ ತುಂಬ್ಯಾಳ ಹುಡುಗಿ," ಅಂದಳು. ನಾನು ಗಿರಣಿಯಲ್ಲಿ ಆದದ್ದನ್ನೆಲ್ಲ ಹೇಳಿದೆ.

"ಗೋಧಿ ಡಬ್ಬ್ಯಾಗ ಇತ್ತೇನು," ಅಂದಳು ಚಾಚಿ. "ನಾ ಹಲಗೀಗೇ ಬೈದೆ ಬೇಟಿ. ಆ ವರ್ಷವೇ ಒಲಿಗಿ ಹಾಕಿಬಿಟ್ಟೆ. ಮದುವ್ಯಾಗ ನಮ್ಮ ಅಮ್ಮಾ ಕೊಟ್ಟಿದ್ದು."

ಆಮೇಲೆ ಅವಳೇ ಬೆಲ್ಲದ ನೀರು ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತು ನಾದಬೇಕು ಎಂದು ಹೇಳಿಕೊಟ್ಟಳು. ಹಬ್ಬದ ದಿನ ನನ್ನ ಗಿರಣಿಯ ಹಿಟ್ಟಿನಲ್ಲಿ, ಕೈಯಿಂದಲೇ ತಟ್ಟಿ ಚೊಂಗೆ ಮಾಡಿದೆ. ಒಂದೂ ಒಡೆಯಲಿಲ್ಲ. ಭಾಗ್ಯಾ ಒಂದು ತುಣುಕು ಬಾಯಿಗಿಟ್ಟುಕೊಂಡಳು.

"ರುಚಿ ಅದ," ಅಂದಳು. ಉಳಿದುದರ ನುಣ್ಣನೆಯ ಮೈ ಮೇಲೆ ಬೆರಳಾಡಿಸಿದಳು. "ಗೆರಿ ಇಲ್ಲ, ಅಷ್ಟ."